ಗುವಾಮ್ ಮಿಂಚುಳ್ಳಿ

ಗುವಾಮ್ ಮಿಂಚುಳ್ಳಿ (ವೈಜ್ಞಾನಿಕ ಹೆಸರು: ಟೊಡಿರಾಂಫಸ್ ಸಿನ್ನಮೊಮಿನಸ್) ಪಶ್ಚಿಮ ಪೆಸಿಫಿಕ್ ಮಹಾಸಾಗರದ ಗುವಾಮ್ ದ್ವೀಪವೊಂದರಲ್ಲಿಯೇ ನೆಲೆಸಿದ್ದ ಮಿಂಚುಳ್ಳಿ ಪ್ರಭೇದವಾಗಿದೆ. ದ್ವೀಪದ ಮೂಲನಿವಾಸಿಗಳಾದ ಚಮೊರೊ ಜನರು ಇದನ್ನು 'ಸಿಹೆಕ್' ಎಂದು ಕರೆಯುತ್ತಾರೆ. ದಾಲ್ಚಿನ್ನಿಯ ಬಣ್ಣದ ತಲೆ ಮತ್ತು ಹೊಳೆಯುವ ನೀಲಿ-ಹಸಿರು ಬೆನ್ನುಳ್ಳ ಈ ಹಕ್ಕಿ ನೀರಿನ ದಂಡೆಗಿಂತ ಕಾಡನ್ನೇ ಆಶ್ರಯಿಸಿ, ಮೀನಿಗಿಂತ ಕೀಟ ಹಾಗೂ ಹಲ್ಲಿಗಳನ್ನೇ ತಿಂದು ಬದುಕುವಂಥದು. ಎರಡನೆಯ ಮಹಾಯುದ್ಧದ ತರುವಾಯ ಗುವಾಮ್‌ಗೆ ಬಂದು ಸೇರಿದ ಕಂದು ಮರಹಾವಿನ ದೆಸೆಯಿಂದ ಇದರ ಸಂತತಿ ಕ್ಷೀಣಿಸಿ, 1988ರ ವೇಳೆಗೆ ಕಾಡಿನಿಂದ ಸಂಪೂರ್ಣವಾಗಿ ಕಣ್ಮರೆಯಾಯಿತು. ಅದಕ್ಕೆ ಮೊದಲೇ ಹಿಡಿದು ಮೃಗಾಲಯಗಳಿಗೆ ಸಾಗಿಸಲಾಗಿದ್ದ 29 ಹಕ್ಕಿಗಳಿಂದಾಗಿ ಈ ಪ್ರಭೇದ ಇಂದಿಗೂ ಉಳಿದುಕೊಂಡಿದೆ. 2024ರಲ್ಲಿ ಕೆಲವು ಹಕ್ಕಿಗಳನ್ನು ಪಾಮೈರಾ ಎಂಬ ಹವಳದ್ವೀಪದಲ್ಲಿ ಮತ್ತೆ ಬಯಲಿಗೆ ಬಿಡಲಾಯಿತು.

ಹೆಸರು ಮತ್ತು ವರ್ಗೀಕರಣ

ಈ ಹಕ್ಕಿಯನ್ನು ಇಂಗ್ಲೆಂಡಿನ ನಿಸರ್ಗವಿಜ್ಞಾನಿ ವಿಲಿಯಂ ಸ್ವೇನ್ಸನ್ 1821ರಲ್ಲಿ ಮೊದಲ ಬಾರಿಗೆ ವೈಜ್ಞಾನಿಕವಾಗಿ ವರ್ಣಿಸಿದರು. ಪ್ರಭೇದದ ಹೆಸರಾದ 'ಸಿನ್ನಮೊಮಿನಸ್' ಎಂಬುದು ದಾಲ್ಚಿನ್ನಿಯನ್ನು ಸೂಚಿಸುವ ಪದದಿಂದ ಬಂದಿದೆ. ಹಕ್ಕಿಯ ಮೈಬಣ್ಣವೇ ಇದಕ್ಕೆ ಕಾರಣ. 'ಟೊಡಿರಾಂಫಸ್' ಎಂಬ ಕುಲನಾಮಕ್ಕೆ 'ಟೋಡಿ ಹಕ್ಕಿಯಂತಹ ಕೊಕ್ಕುಳ್ಳದ್ದು' ಎಂದರ್ಥ. ಟೋಡಿ ಎಂಬುದು ವೆಸ್ಟ್ ಇಂಡೀಸ್ ದ್ವೀಪಗಳ ಒಂದು ಪುಟ್ಟ ಹಕ್ಕಿ.

ಮಿಂಚುಳ್ಳಿಗಳ ಕುಟುಂಬದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ನೀರಿಗೆ ಧುಮುಕಿ ಮೀನು ಹಿಡಿಯುವವು ಒಂದು ಭಾಗವಾದರೆ, ಮರಗಳ ನಡುವೆ ನೆಲೆಸಿ ನೆಲದ ಮೇಲಿನ ಜೀವಿಗಳನ್ನು ಹಿಡಿಯುವವು ಮತ್ತೊಂದು ದೊಡ್ಡ ಗುಂಪು. ಗುವಾಮ್ ಮಿಂಚುಳ್ಳಿ ಈ ಎರಡನೆಯ ಗುಂಪಿಗೆ, ಅಂದರೆ 'ಮರಮಿಂಚುಳ್ಳಿ'ಗಳ ಉಪಕುಟುಂಬಕ್ಕೆ ಸೇರಿದೆ. ಕರ್ನಾಟಕದ ತೋಟ, ಗದ್ದೆ, ಕೆರೆಯಂಚುಗಳಲ್ಲಿ ಸಾಮಾನ್ಯವಾಗಿ ಕಾಣುವ ಬಿಳಿ ಎದೆಯ ಮಿಂಚುಳ್ಳಿಯೂ ಇದೇ ಉಪಕುಟುಂಬದ ಹಕ್ಕಿ. ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ ವಾಸಿಸುವ, ಕತ್ತಿನ ಸುತ್ತ ಬಿಳಿಯ ಪಟ್ಟಿಯುಳ್ಳ ಮಿಂಚುಳ್ಳಿ ಇನ್ನೂ ಹತ್ತಿರದ ಸಂಬಂಧಿಯಾಗಿದ್ದು, ಟೊಡಿರಾಂಫಸ್ ಕುಲಕ್ಕೇ ಸೇರಿದೆ.

ಬಹುಕಾಲ ಗುವಾಮ್, ಪೋನ್‌ಪೈ ಮತ್ತು ಪಲಾವ್ ದ್ವೀಪಗಳ ಮಿಂಚುಳ್ಳಿಗಳನ್ನು 'ಮೈಕ್ರೊನೇಷ್ಯಾ ಮಿಂಚುಳ್ಳಿ' ಎಂಬ ಒಂದೇ ಪ್ರಭೇದದ ಮೂರು ಉಪಪ್ರಭೇದಗಳೆಂದು ಪರಿಗಣಿಸಲಾಗುತ್ತಿತ್ತು. ಅನುವಂಶೀಯ ಅಧ್ಯಯನಗಳ ಬಳಿಕ ಮೂರನ್ನೂ ಪ್ರತ್ಯೇಕ ಪ್ರಭೇದಗಳೆಂದು ಒಪ್ಪಿಕೊಳ್ಳಲಾಗಿದೆ. ಪೋನ್‌ಪೈ ಮತ್ತು ಪಲಾವ್‌ಗಳ ಹಕ್ಕಿಗಳು ಈಗಲೂ ತಮ್ಮ ದ್ವೀಪಗಳ ಕಾಡುಗಳಲ್ಲಿವೆ. ಗುವಾಮ್‌ನ ಹಕ್ಕಿಯನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿದ್ದರಿಂದ ಅದರ ಅಳಿವು ಒಂದು ಉಪಪ್ರಭೇದದ ನಷ್ಟವಾಗಿ ಉಳಿಯದೆ, ಒಂದು ಇಡೀ ಪ್ರಭೇದದ ಅಳಿವಿನ ಪ್ರಶ್ನೆಯಾಯಿತು.

ದೇಹ ಲಕ್ಷಣಗಳು

ಗುವಾಮ್ ಮಿಂಚುಳ್ಳಿ ಸುಮಾರು 20ರಿಂದ 24 ಸೆಂಟಿಮೀಟರ್ ಉದ್ದವಿದ್ದು, 50ರಿಂದ 75 ಗ್ರಾಂ ತೂಗುತ್ತದೆ. ಹೆಣ್ಣು ಗಂಡಿಗಿಂತ ತುಸು ದೊಡ್ಡದು. ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದಾಗಿಯೂ ಕತ್ತು ಗಿಡ್ಡದಾಗಿಯೂ ಇರುತ್ತದೆ. ಕೊಕ್ಕು ಉದ್ದವಾಗಿ, ಬಲವಾಗಿ, ಕಪ್ಪಾಗಿದ್ದು, ಕೆಳಕೊಕ್ಕಿನ ಬುಡ ಬಿಳಿಚಾಗಿರುತ್ತದೆ. ಕಾಲುಗಳು ಚಿಕ್ಕವು, ಇತರ ಮಿಂಚುಳ್ಳಿಗಳಂತೆ ಮುಂದಿನ ಬೆರಳುಗಳು ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಬೆನ್ನು, ರೆಕ್ಕೆ ಮತ್ತು ಬಾಲ ಲೋಹದಂತೆ ಹೊಳೆಯುವ ಹಸಿರು ಮಿಶ್ರಿತ ನೀಲಿ. ತಲೆ ಮತ್ತು ಕತ್ತು ದಾಲ್ಚಿನ್ನಿಯ ಕೆಂಗಂದು. ಕಣ್ಣಿನ ಬಳಿಯಿಂದ ಆರಂಭವಾಗುವ ಕಡುಬಣ್ಣದ ತೆಳುವಾದ ಗೆರೆಯೊಂದು ಹಿಂದಲೆಯನ್ನು ಬಳಸಿ ಹೋಗುತ್ತದೆ.

ಗಂಡು ಹೆಣ್ಣುಗಳನ್ನು ಹೊಟ್ಟೆಯ ಬಣ್ಣದಿಂದ ಸುಲಭವಾಗಿ ಗುರುತಿಸಬಹುದು. ಗಂಡಿಗೆ ಎದೆಯಿಂದ ಹೊಟ್ಟೆಯವರೆಗೂ ದಾಲ್ಚಿನ್ನಿಯ ಬಣ್ಣವಿದ್ದರೆ, ಹೆಣ್ಣಿನ ಕೆಳಭಾಗ ಬಿಳಿ. ಎಳೆಯ ಹಕ್ಕಿಗಳ ಬಣ್ಣ ಮಂಕಾಗಿದ್ದು, ಅವುಗಳ ಕೆಳಭಾಗವೂ ಬಿಳಿಚಾಗಿಯೇ ಇರುತ್ತದೆ.

ಇದರ ಕೂಗು ಗಟ್ಟಿಯಾದ, ಒರಟು ಗಂಟಲಿನ ಸರಣಿ ಧ್ವನಿ. ತನ್ನ ಎಲ್ಲೆಯನ್ನು ಸಾರಲು ಮತ್ತು ಎದುರಾಳಿಯನ್ನು ಬೆದರಿಸಲು ಹಕ್ಕಿ ಈ ಕೂಗನ್ನು ಬಳಸುತ್ತದೆ.

ಆವಾಸ

ಗುವಾಮ್ ಮೇರಿಯಾನ ದ್ವೀಪಸಮೂಹದ ದಕ್ಷಿಣ ತುದಿಯ ದ್ವೀಪ. 1898ರಿಂದ ಅಮೆರಿಕ ಸಂಯುಕ್ತ ಸಂಸ್ಥಾನದ ಆಡಳಿತಕ್ಕೆ ಒಳಪಟ್ಟಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1944ರವರೆಗೆ, ಅದು ಜಪಾನಿನ ವಶದಲ್ಲಿತ್ತು. ಸುಮಾರು 540 ಚದರ ಕಿಲೋಮೀಟರ್ ವಿಸ್ತೀರ್ಣದ ಈ ದ್ವೀಪದಲ್ಲಿ ವರ್ಷವಿಡೀ ಬೆಚ್ಚನೆಯ, ತೇವಭರಿತ ಹವೆಯಿರುತ್ತದೆ. ಉತ್ತರಾರ್ಧ ಸುಣ್ಣಕಲ್ಲಿನ ಪ್ರಸ್ಥಭೂಮಿಯಾಗಿದ್ದು, ದಕ್ಷಿಣಾರ್ಧ ಜ್ವಾಲಾಮುಖಿಯಿಂದಾದ ಗುಡ್ಡಗಳು ಹಾಗೂ ಹುಲ್ಲುಗಾವಲುಗಳಿಂದ ಕೂಡಿದೆ.

ಒಂದು ಕಾಲದಲ್ಲಿ ಗುವಾಮ್ ಮಿಂಚುಳ್ಳಿ ದ್ವೀಪದ ಬಹುತೇಕ ಎಲ್ಲ ಬಗೆಯ ಮರಗಾಡುಗಳಲ್ಲಿ ವಾಸಿಸುತ್ತಿತ್ತು. ಸುಣ್ಣಕಲ್ಲಿನ ನೆಲದ ದಟ್ಟ ಕಾಡು ಮಾತ್ರವಲ್ಲದೆ ಮತ್ತೆ ಚಿಗುರಿದ ಕಾಡು, ತೆಂಗಿನ ತೋಪು ಮತ್ತು ಕಾಡಿನ ಅಂಚುಗಳಲ್ಲಿಯೂ ಅದು ಕಂಡುಬರುತ್ತಿತ್ತು. ಇಂತಹ ಹಕ್ಕಿಗೆ ಎರಡು ಅನುಕೂಲಗಳು ಅತ್ಯಗತ್ಯ. ಮೊದಲನೆಯದು, ಕುಳಿತು ನೆಲವನ್ನು ನೋಡಲು ತಕ್ಕ ತೆರವಾದ ಕೊಂಬೆ. ಎರಡನೆಯದು, ಗೂಡು ಕೊರೆಯಲು ತಕ್ಕಷ್ಟು ಮೆತ್ತಗಾದ, ಆದರೆ ಇನ್ನೂ ನಿಂತೇ ಇರುವ ದೊಡ್ಡ ಒಣಮರ. ಕೊಂಬೆ ಎಲ್ಲೆಡೆ ಸಿಗುತ್ತದೆ. ಅಂತಹ ಮರಗಳು ಹಳೆಯ ಕಾಡಿನಲ್ಲಿ ಮಾತ್ರ ಹೆಚ್ಚಾಗಿರುತ್ತವೆ.

ಆಹಾರ ಮತ್ತು ಬೇಟೆಯ ಕ್ರಮ

ಹೆಸರು ಮಿಂಚುಳ್ಳಿಯಾದರೂ ಮೀನು ಇದರ ಮುಖ್ಯ ಆಹಾರವಲ್ಲ. ಮಿಡತೆ, ಜೀರುಂಡೆ ಮುಂತಾದ ಕೀಟಗಳು, ಜೇಡಗಳು, ಚಿಕ್ಕ ಹಲ್ಲಿಗಳು ಮತ್ತು ಅರಣೆಗಳು ಇದರ ಪ್ರಧಾನ ಆಹಾರ. ಅವಕಾಶ ದೊರೆತಾಗ ಸಣ್ಣ ಏಡಿಯಂತಹ ಜೀವಿಗಳನ್ನೂ ತಿನ್ನುತ್ತದೆ.

ಕಾದು ಕುಳಿತು ಎರಗುವುದು ಇದರ ಬೇಟೆಯ ಕ್ರಮ. ಕೊಂಬೆಯ ಮೇಲೆ ಬಹಳ ಹೊತ್ತು ಅಲುಗಾಡದೆ ಕುಳಿತು ಕೆಳಗಿನ ನೆಲವನ್ನು ಗಮನಿಸುತ್ತಿರುತ್ತದೆ. ಚಲನೆ ಕಂಡೊಡನೆ ನೇರವಾಗಿ ಎರಗಿ, ಕೊಕ್ಕಿನಿಂದ ಹಿಡಿದು ಕೊಂಬೆಗೆ ಮರಳುತ್ತದೆ. ಹಲ್ಲಿಯಂತಹ ದೊಡ್ಡ ಬೇಟೆಯನ್ನು ಕೊಂಬೆಗೆ ಬಡಿದು ಕೊಂದು ಇಡಿಯಾಗಿ ನುಂಗುತ್ತದೆ. ಜೀರ್ಣವಾಗದ ಭಾಗಗಳನ್ನು ಉಂಡೆಯಾಗಿ ಹೊರಗುಗುಳುತ್ತದೆ.

ಎಲ್ಲೆ ಮತ್ತು ಜೋಡಿ ಜೀವನ

ಗುವಾಮ್ ಮಿಂಚುಳ್ಳಿ ಜಗಳಗಂಟ ಹಕ್ಕಿ. ಜೋಡಿಯೊಂದು ಕಾಡಿನ ನಿರ್ದಿಷ್ಟ ಭಾಗವನ್ನು ತನ್ನದೆಂದು ಕಾಯ್ದುಕೊಳ್ಳುತ್ತದೆ. ಬೇರೆ ಮಿಂಚುಳ್ಳಿಗಳನ್ನು ಕೂಗಿ, ಅಟ್ಟಿ ಓಡಿಸುತ್ತದೆ. ಇದರ ನಿಕಟ ಬಂಧುವಾದ ಪೋನ್‌ಪೈ ಮಿಂಚುಳ್ಳಿಯಲ್ಲಿ ಬೆಳೆದ ಕೆಲವು ಮರಿಗಳು ತಂದೆ-ತಾಯಿಯ ಎಲ್ಲೆಯಲ್ಲಿಯೇ ಉಳಿದು ಮುಂದಿನ ಮರಿಗಳನ್ನು ಸಾಕಲು ನೆರವಾಗುವುದನ್ನು ಗಮನಿಸಲಾಗಿದೆ. ಗುವಾಮ್ ಹಕ್ಕಿಯ ಕಾಡಿನ ಬದುಕನ್ನು ಇಷ್ಟು ವಿವರವಾಗಿ ಅಭ್ಯಸಿಸುವ ಮೊದಲೇ ಅದು ಕಾಡಿನಿಂದ ಮರೆಯಾಯಿತು. ಹೀಗಾಗಿ ಪೋನ್‌ಪೈ ಹಕ್ಕಿಯ ಅಧ್ಯಯನ ಅದರ ಸಂರಕ್ಷಣೆಗೂ ದಾರಿದೀಪವಾಗಿದೆ.

ಸಂತಾನೋತ್ಪತ್ತಿ

ಈ ಹಕ್ಕಿ ಕಡ್ಡಿಗಳಿಂದ ಗೂಡು ಕಟ್ಟುವುದಿಲ್ಲ. ಮರದಲ್ಲಿ ಪೊಟರೆ ಕೊರೆಯುತ್ತದೆ. ಕೊಳೆತು ಮೆತ್ತಗಾದ ಆಲದ ಜಾತಿಯ ಮರ, ದೀವಿಹಲಸು (ಜೀಗುಜ್ಜೆ) ಮತ್ತು ತೆಂಗಿನ ಕಾಂಡಗಳನ್ನು ಇದಕ್ಕಾಗಿ ಆರಿಸಿಕೊಳ್ಳುತ್ತಿತ್ತು. ಮರಕುಟಿಗನಂತೆ ಕಾಂಡವನ್ನು ಹಿಡಿದು ಕುಳಿತು ಕುಟ್ಟುವ ಶಕ್ತಿ ಮಿಂಚುಳ್ಳಿಯ ಚಿಕ್ಕ ಕಾಲುಗಳಿಗಿಲ್ಲ. ಆದುದರಿಂದ ಗಂಡು ಹೆಣ್ಣುಗಳೆರಡೂ ದೂರದಿಂದ ಹಾರಿ ಬಂದು ಕೊಕ್ಕಿನಿಂದ ಕಾಂಡಕ್ಕೆ ಗುದ್ದುತ್ತವೆ. ಹೀಗೆ ಮತ್ತೆ ಮತ್ತೆ ಗುದ್ದಿದ ಮೇಲೆ ಕಾಲೂರಲು ಒಂದು ಕುಳಿ ಉಂಟಾಗುತ್ತದೆ. ಅಲ್ಲಿಂದ ಮುಂದೆ ಕುಳಿತು ಕೊರೆದು ಗೂಡನ್ನು ಪೂರ್ಣಗೊಳಿಸುತ್ತವೆ.

ಗೂಡು ಕೊರೆಯುವುದು ಈ ಹಕ್ಕಿಗೆ ಮನೆ ಮಾಡಿಕೊಳ್ಳುವ ಕೆಲಸ ಮಾತ್ರವಲ್ಲ. ಪ್ರಣಯದ ಭಾಗವೂ ಹೌದು. ಒಟ್ಟಿಗೆ ಕೊರೆಯುವ ಮೂಲಕ ಜೋಡಿಯ ಸಂಬಂಧ ಗಟ್ಟಿಗೊಳ್ಳುತ್ತದೆ. ಸಿದ್ಧಪಡಿಸಿದ ಗೂಡುಪೆಟ್ಟಿಗೆ ಇದ್ದರೆ ಸಾಲದೆಂಬುದನ್ನು ಅರಿತ ಮೃಗಾಲಯಗಳು ಕೊರೆಯಲು ತಕ್ಕ ಮೆತ್ತನೆಯ ಮರದ ದಿಮ್ಮಿಗಳನ್ನು ಹಕ್ಕಿಗಳಿಗೆ ಒದಗಿಸುತ್ತವೆ.

ಹೆಣ್ಣು ಒಂದರಿಂದ ಮೂರು, ಸಾಮಾನ್ಯವಾಗಿ ಎರಡು, ಬಿಳಿಯ ಮೊಟ್ಟೆಗಳನ್ನಿಡುತ್ತದೆ. ಗಂಡು ಹೆಣ್ಣುಗಳೆರಡೂ ಸರದಿಯಂತೆ ಕಾವು ಕೊಡುತ್ತವೆ. ಸುಮಾರು ಮೂರು ವಾರಗಳಲ್ಲಿ ಮೊಟ್ಟೆಯೊಡೆದು, ಕುರುಡಾದ ಹಾಗೂ ಪುಕ್ಕವಿಲ್ಲದ ಮರಿಗಳು ಹೊರಬರುತ್ತವೆ. ಅವು ಇನ್ನೂ ಒಂದು ತಿಂಗಳಿಗಿಂತ ತುಸು ಹೆಚ್ಚು ಕಾಲ ಗೂಡಿನಲ್ಲಿಯೇ ಇದ್ದು ಪೋಷಕರಿಂದ ಆಹಾರ ಪಡೆಯುತ್ತವೆ. ಮೊಟ್ಟೆಯಿಟ್ಟಂದಿನಿಂದ ಮರಿ ಹಾರುವವರೆಗೆ ಹೀಗೆ ಎರಡು ತಿಂಗಳಿನಷ್ಟು ಅವಧಿಯಲ್ಲಿ ಇಡೀ ಸಂಸಾರ ಒಂದೇ ಬಾಗಿಲಿನ ಪೊಟರೆಯನ್ನು ನೆಚ್ಚಿಕೊಂಡಿರುತ್ತದೆ.

ಕಂದು ಮರಹಾವಿನ ಆಗಮನ

ಸಹಸ್ರಾರು ವರ್ಷಗಳ ಕಾಲ ಇಂತಹ ಪೊಟರೆ ಸುರಕ್ಷಿತವಾಗಿತ್ತು. ಏಕೆಂದರೆ ಮರವೇರಿ ಹಕ್ಕಿಗಳನ್ನು ಹಿಡಿಯುವ ಹಾವು ಗುವಾಮ್‌ನಲ್ಲಿ ಇರಲಿಲ್ಲ. ಅಂತಹ ಶತ್ರುವನ್ನೇ ಕಾಣದೆ ವಿಕಾಸಗೊಂಡ ಅಲ್ಲಿನ ಹಕ್ಕಿಗಳಿಗೆ ಅದರಿಂದ ತಪ್ಪಿಸಿಕೊಳ್ಳುವ ವರ್ತನೆಗಳೂ ಬೆಳೆದಿರಲಿಲ್ಲ.

ಕಂದು ಮರಹಾವಿನ (ಬೋಯಿಗಾ ಇರ‍್ರೆಗ್ಯುಲಾರಿಸ್) ತವರು ಆಸ್ಟ್ರೇಲಿಯಾದ ಉತ್ತರ ಹಾಗೂ ಪೂರ್ವ ಭಾಗಗಳು, ನ್ಯೂಗಿನಿ ಮತ್ತು ಸುತ್ತಲಿನ ದ್ವೀಪಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ಭಾಗದಿಂದ ಗುವಾಮ್‌ಗೆ ಸಾಗಿಸಲಾದ ಸೇನಾ ಸಾಮಗ್ರಿಗಳ ನಡುವೆ ಅಡಗಿ ಅದು ದ್ವೀಪವನ್ನು ತಲುಪಿತೆಂದು ವಿಜ್ಞಾನಿಗಳು ನಿರ್ಧರಿಸಿದ್ದಾರೆ. ರಾತ್ರಿ ಸಂಚರಿಸುವ, ತೆಳುವಾದ ಕೊಂಬೆಗಳ ಮೇಲೂ ಸಾಗಬಲ್ಲ ಈ ಹಾವಿಗೆ ರಾತ್ರಿ ಗೂಡಿನಲ್ಲಿರುವ ಹಕ್ಕಿ, ಮೊಟ್ಟೆ, ಮರಿ ಎಲ್ಲವೂ ಆಹಾರವೇ. ಪೊಟರೆಯ ಬಾಗಿಲಲ್ಲಿ ಹಾವು ತಲೆಯಿಟ್ಟರೆ ಒಳಗಿನ ಹಕ್ಕಿಗೆ ಬೇರೆ ದಾರಿಯಿರುವುದಿಲ್ಲ.

ಹಕ್ಕಿಗಳ ಅಳಿವು ದ್ವೀಪದಾದ್ಯಂತ ಒಮ್ಮೆಲೇ ಆಗಲಿಲ್ಲ. ಹಾವು ಮೊದಲು ನೆಲೆಯೂರಿದ ಬಂದರಿನ ಸುತ್ತಮುತ್ತ ಹಾಗೂ ದಕ್ಷಿಣದಲ್ಲಿ ಹಕ್ಕಿಗಳು ಮೊದಲು ಮಾಯವಾದವು. ಹಾವು ಉತ್ತರದತ್ತ ಹರಡಿದಂತೆ ಮೌನವೂ ಉತ್ತರಕ್ಕೆ ಹರಡಿತು. ಮೊದಮೊದಲು ಕೀಟನಾಶಕಗಳು, ರೋಗಗಳು, ಚಂಡಮಾರುತಗಳು, ಕಾಡಿನ ನಾಶ ಮುಂತಾದವುಗಳನ್ನು ಶಂಕಿಸಲಾಗಿತ್ತು. ಪರಿಸರ ವಿಜ್ಞಾನಿ ಜೂಲಿ ಸ್ಯಾವಿಡ್ಜ್ ಅವರು 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಹಾವು ಹರಡಿದ ಕ್ರಮಕ್ಕೂ ಹಕ್ಕಿಗಳು ಅಳಿದ ಕ್ರಮಕ್ಕೂ ಇರುವ ಹೊಂದಾಣಿಕೆಯನ್ನು ತೋರಿಸಿ, ಹಾವೇ ಮುಖ್ಯ ಕಾರಣವೆಂದು ಸಿದ್ಧಪಡಿಸಿದರು.

1981ರಲ್ಲಿ ನಡೆದ ಗಣತಿಯಂತೆ ಉತ್ತರ ಗುವಾಮ್‌ನಲ್ಲಿ ಸುಮಾರು 3,000 ಮಿಂಚುಳ್ಳಿಗಳಿದ್ದವು. 1984ರಲ್ಲಿ ಇದನ್ನು ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. 1988ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಮೂರು ಸಾವಿರದಿಂದ ಶೂನ್ಯಕ್ಕೆ ಇಳಿಯಲು ಒಂದು ದಶಕವೂ ಬೇಕಾಗಲಿಲ್ಲ.

ಬೇಟೆ ಮುಗಿದರೆ ಬೇಟೆಗಾರ ಪ್ರಾಣಿಯೂ ಕಡಿಮೆಯಾಗುವುದು ನಿಸರ್ಗದಲ್ಲಿ ವಾಡಿಕೆ. ಗುವಾಮ್‌ನಲ್ಲಿ ಹಾಗಾಗಲಿಲ್ಲ. ಹಕ್ಕಿಗಳು ಮುಗಿದ ಮೇಲೂ ಹಲ್ಲಿ, ಅರಣೆ, ಇಲಿಗಳು ಹಾವಿಗೆ ಧಾರಾಳವಾಗಿ ದೊರೆಯುತ್ತಿದ್ದುದರಿಂದ ಅದರ ಸಂಖ್ಯೆ ಉಳಿದುಕೊಂಡಿತು. ಕಾಡಿನ ಇತರ ಹಕ್ಕಿಗಳಿಗೂ ಇದೇ ಗತಿಯಾಯಿತು. ಗುವಾಮ್‌ಗೇ ವಿಶಿಷ್ಟವಾಗಿದ್ದ ನೊಣಹಿಡುಕ ಹಕ್ಕಿಯೊಂದು 1980ರ ದಶಕದಲ್ಲಿ ಶಾಶ್ವತವಾಗಿ ಅಳಿದುಹೋಯಿತು. ಮಿಂಚುಳ್ಳಿಯಂತಹ ಹಕ್ಕಿಗಳಿಲ್ಲದ ಗುವಾಮ್ ಕಾಡುಗಳಲ್ಲಿ ಜೇಡಗಳ ಸಂಖ್ಯೆ ನೆರೆಯ ದ್ವೀಪಗಳಿಗಿಂತ ಹಲವು ಪಟ್ಟು ಹೆಚ್ಚಿರುವುದನ್ನು ಅಧ್ಯಯನಗಳು ತೋರಿಸಿವೆ. ಬೀಜ ಪ್ರಸಾರ ಮಾಡುವ ಹಕ್ಕಿಗಳಿಲ್ಲದೆ ಕೆಲವು ಮರಗಳ ಸಸಿಗಳು ಹರಡುವುದೂ ಕುಂಠಿತವಾಗಿದೆ.

ಸೆರೆಯಲ್ಲಿ ಸಂರಕ್ಷಣೆ

1984ರಿಂದ 1986ರವರೆಗಿನ ಅವಧಿಯಲ್ಲಿ ಉಳಿದಿದ್ದ ಹಕ್ಕಿಗಳಲ್ಲಿ 29ನ್ನು ಹಿಡಿದು ಅಮೆರಿಕದ ಮೃಗಾಲಯಗಳಿಗೆ ಸಾಗಿಸಲಾಯಿತು. ಇಂದು ಜೀವಂತವಾಗಿರುವ ಪ್ರತಿಯೊಂದು ಗುವಾಮ್ ಮಿಂಚುಳ್ಳಿಯೂ ಆ ಸಣ್ಣ ಗುಂಪಿನ ಸಂತತಿಯೇ.

ಸೆರೆಯಲ್ಲಿ ಇವುಗಳ ವಂಶವೃದ್ಧಿ ಸುಲಭವಾಗಲಿಲ್ಲ. ಎಲ್ಲೆಗಾಗಿ ಕಾದಾಡುವ ಸ್ವಭಾವವುಳ್ಳ ಹಕ್ಕಿಗಳು ಪಂಜರದಲ್ಲಿ ತಮಗೆ ಒಪ್ಪಿಗೆಯಾಗದ ಸಂಗಾತಿಯ ಮೇಲೂ ಎರಗುತ್ತಿದ್ದವು. ಕೆಲವು ಜೋಡಿಗಳು ತಮ್ಮ ಮೊಟ್ಟೆ ಮರಿಗಳನ್ನು ಸರಿಯಾಗಿ ಪೋಷಿಸುತ್ತಿರಲಿಲ್ಲ. ಅನೇಕ ಮರಿಗಳನ್ನು ಕೃತಕ ಕಾವಿನಿಂದ ಹೊರತಂದು ಕೈತುತ್ತಿಟ್ಟು ಬೆಳೆಸಬೇಕಾಯಿತು. ಹಿಡಿದ ಹಕ್ಕಿಗಳೆಲ್ಲವೂ ಮರಿ ಮಾಡದಿದ್ದುದರಿಂದ ಅನುವಂಶೀಯ ವೈವಿಧ್ಯವೂ ಕುಗ್ಗಿತು. ಹತ್ತಿರದ ಬಂಧುಗಳು ಜೋಡಿಯಾಗದಂತೆ ಯಾವ ಹಕ್ಕಿಯನ್ನು ಯಾವುದರೊಡನೆ ಇರಿಸಬೇಕೆಂಬುದನ್ನು ವಂಶಾವಳಿಯ ದಾಖಲೆ ನೋಡಿ ನಿರ್ಧರಿಸಲಾಗುತ್ತದೆ. ಇಷ್ಟೆಲ್ಲ ಶ್ರಮದ ಫಲವಾಗಿ 2020ರ ದಶಕದ ಆರಂಭದ ವೇಳೆಗೆ ಇವುಗಳ ಸಂಖ್ಯೆ ಸುಮಾರು 140ಕ್ಕೆ ಏರಿತು. ಆದರೂ ಒಂದು ರೋಗದ ಹಾವಳಿ ಇಡೀ ಪ್ರಭೇದಕ್ಕೆ ಕುತ್ತು ತರಬಲ್ಲಷ್ಟು ಸಣ್ಣ ಸಂಖ್ಯೆ ಇದು.

ಪಾಮೈರಾದಲ್ಲಿ ಬಿಡುಗಡೆ

ಹಾವು ಇರುವವರೆಗೆ ಗುವಾಮ್‌ನಲ್ಲಿ ಹಕ್ಕಿಗಳನ್ನು ಬಿಡುವಂತಿಲ್ಲ. ಆದರೆ ಕಾಡಿನಲ್ಲಿ ಬದುಕುವ ಕೌಶಲ ತಲೆಮಾರುಗಳುದ್ದಕ್ಕೂ ಪಂಜರದಲ್ಲಿಯೇ ಇದ್ದರೆ ಮರೆಯಾಗಬಹುದೆಂಬ ಆತಂಕವೂ ಇತ್ತು. ಆದುದರಿಂದ ಹಾವುಗಳಿಲ್ಲದ ಪಾಮೈರಾ ಹವಳದ್ವೀಪವನ್ನು ಆರಿಸಿಕೊಳ್ಳಲಾಯಿತು. ಹವಾಯಿಯಿಂದ ದಕ್ಷಿಣಕ್ಕೆ ಸುಮಾರು 1,600 ಕಿಲೋಮೀಟರ್ ದೂರದಲ್ಲಿರುವ ಈ ದ್ವೀಪ ಗುವಾಮ್‌ನಿಂದ 5,800 ಕಿಲೋಮೀಟರಿಗಿಂತಲೂ ಹೆಚ್ಚು ದೂರದಲ್ಲಿದೆ. ಗುವಾಮ್ ಮಿಂಚುಳ್ಳಿ ಹಿಂದೆಂದೂ ಅಲ್ಲಿ ವಾಸಿಸಿರಲಿಲ್ಲ. 2011ರಲ್ಲಿ ಅಲ್ಲಿನ ಇಲಿಗಳನ್ನು ಪೂರ್ತಿಯಾಗಿ ನಿರ್ಮೂಲಗೊಳಿಸಲಾಗಿತ್ತು. ಕೀಟ, ಜೇಡ, ಹಲ್ಲಿಗಳು ಆಹಾರವಾಗಿ ದೊರೆಯುವಂತಿದ್ದವು.

ವಿವಿಧ ಮೃಗಾಲಯಗಳಿಂದ ತಂದ ಮೊಟ್ಟೆಗಳನ್ನು ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಸೆಜ್‌ವಿಕ್ ಕೌಂಟಿ ಮೃಗಾಲಯದಲ್ಲಿ ಒಡೆಸಿ, ರೋಗಾಣುಗಳು ದ್ವೀಪ ಸೇರದಂತೆ ಮರಿಗಳನ್ನು ಪ್ರತ್ಯೇಕವಾಗಿ ಬೆಳೆಸಲಾಯಿತು. 2024ರ ಸೆಪ್ಟೆಂಬರ್ ತಿಂಗಳಲ್ಲಿ ಒಂಬತ್ತು ಎಳೆಯ ಹಕ್ಕಿಗಳನ್ನು ಪಾಮೈರಾದಲ್ಲಿ ಬಿಡಲಾಯಿತು. ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆ, ಗುವಾಮ್ ಸರ್ಕಾರ, ಲಂಡನ್ ಪ್ರಾಣಿಶಾಸ್ತ್ರ ಸಂಘ ಮುಂತಾದ ಸಂಸ್ಥೆಗಳು ಈ ಕಾರ್ಯದಲ್ಲಿ ಕೈಜೋಡಿಸಿದ್ದವು. ಹಕ್ಕಿಗಳಿಗೆ ಕಟ್ಟಿದ್ದ ಪುಟ್ಟ ರೇಡಿಯೊ ಸಾಧನಗಳ ಸಹಾಯದಿಂದ ಅವುಗಳ ಓಡಾಟವನ್ನು ಗಮನಿಸಲಾಯಿತು. ತಂದೆ-ತಾಯಿಯಿಂದ ಏನನ್ನೂ ಕಲಿಯದಿದ್ದರೂ ಅವು ತಾವಾಗಿಯೇ ಬೇಟೆಯಾಡತೊಡಗಿದವು. 2025ರ ವಸಂತದಲ್ಲಿ ಅವುಗಳಲ್ಲಿ ಕೆಲವು ಜೋಡಿಯಾಗಿ, ಗೂಡು ಮಾಡಿ, ಮೊಟ್ಟೆಗಳನ್ನಿಟ್ಟವು. ಪಂಜರದ ಹೊರಗೆ ಈ ಪ್ರಭೇದ ಮೊಟ್ಟೆಯಿಟ್ಟಿದ್ದು ಸುಮಾರು ನಾಲ್ಕು ದಶಕಗಳಲ್ಲಿ ಅದೇ ಮೊದಲು. ಪಾಮೈರಾದಲ್ಲಿ ಹತ್ತು ಸಂತಾನಶೀಲ ಜೋಡಿಗಳನ್ನು ನೆಲೆಗೊಳಿಸುವುದು ಈ ಯೋಜನೆಯ ಗುರಿ.

ಗುವಾಮ್‌ಗೆ ಮರಳುವ ಸಾಧ್ಯತೆ

ಪಾಮೈರಾ ಮಧ್ಯಂತರದ ನೆಲೆಯೇ ಹೊರತು ಅಂತಿಮ ನೆಲೆಯಲ್ಲ. ಸಿಹೆಕ್ ಚಮೊರೊ ಜನರ ನಾಡಿಗೆ ಮರಳಬೇಕೆಂಬುದೇ ಯೋಜನೆಯ ಕೊನೆಯ ಉದ್ದೇಶ. ಇದಕ್ಕಾಗಿ ಗುವಾಮ್‌ನಲ್ಲಿ ಹಾವುಗಳ ನಿಯಂತ್ರಣ ನಡೆಯುತ್ತಿದೆ. ಬಂದರು ಹಾಗೂ ವಿಮಾನ ನಿಲ್ದಾಣಗಳಲ್ಲಿ ಬಲೆಗಳನ್ನಿರಿಸಿ, ತರಬೇತಾದ ನಾಯಿಗಳಿಂದ ಸರಕನ್ನು ಶೋಧಿಸಿ ಹಾವು ಬೇರೆ ದ್ವೀಪಗಳಿಗೆ ಹೋಗದಂತೆ ತಡೆಯಲಾಗುತ್ತದೆ. ಮನುಷ್ಯರು ಜ್ವರಕ್ಕೆ ಸೇವಿಸುವ ಪ್ಯಾರಾಸಿಟಮಾಲ್ ಈ ಹಾವಿಗೆ ವಿಷ. ಕೇವಲ 80 ಮಿಲಿಗ್ರಾಂ ಅದನ್ನು ಕೊಲ್ಲಬಲ್ಲದು. ಸತ್ತ ಇಲಿಮರಿಗಳಲ್ಲಿ ಈ ಔಷಧವನ್ನಿರಿಸಿ ಹೆಲಿಕಾಪ್ಟರಿನಿಂದ ಕಾಡಿನ ಮೇಲೆ ಉದುರಿಸುವ ವಿಧಾನವನ್ನು ಬಳಸಲಾಗಿದೆ. ಹಾವು ದಾಟಲಾರದ ಬೇಲಿ ಕಟ್ಟಿ, ಒಳಗಿನ ಹಾವುಗಳನ್ನು ತೆಗೆಯುವ ಪ್ರಯತ್ನವೂ ಉತ್ತರ ಗುವಾಮ್‌ನಲ್ಲಿ ನಡೆದಿದೆ.

ಇಂತಹ ಪ್ರಯತ್ನ ಫಲಿಸಬಲ್ಲದೆಂಬುದಕ್ಕೆ ಗುವಾಮ್‌ನದೇ ಇನ್ನೊಂದು ಹಕ್ಕಿ ಸಾಕ್ಷಿ. 'ಕೊಕೊ' ಎಂದು ಕರೆಯಲಾಗುವ, ಹಾರಲಾರದ ಗುವಾಮ್ ರೈಲ್ ಹಕ್ಕಿಯೂ ಹಾವಿನಿಂದಾಗಿ ಕಾಡಿನಿಂದ ಅಳಿದಿತ್ತು. ಸೆರೆಯಲ್ಲಿ ಬೆಳೆಸಿ ಹಾವಿಲ್ಲದ ನೆರೆಯ ದ್ವೀಪಗಳಲ್ಲಿ ಬಿಟ್ಟ ನಂತರ ಅದು ಅಲ್ಲಿ ಮರಿಮಾಡಿತು. 2019ರಲ್ಲಿ ಅದನ್ನು 'ಕಾಡಿನಲ್ಲಿ ಅಳಿದ' ಜೀವಿಗಳ ವರ್ಗದಿಂದ 'ತೀವ್ರ ಅಪಾಯದಲ್ಲಿರುವ' ಜೀವಿಗಳ ವರ್ಗಕ್ಕೆ ಬದಲಾಯಿಸಲಾಯಿತು. ಮಿಂಚುಳ್ಳಿ ಗುವಾಮ್‌ನಲ್ಲಿ ಮತ್ತೆ ನೆಲೆಸಬೇಕಾದರೆ ಹಾವಿನ ಭಯವಿಲ್ಲದ ಕಾಡಿನ ಜೊತೆಗೆ, ಗೂಡು ಕೊರೆಯಲು ತಕ್ಕ ಹಳೆಯ ಮರಗಳೂ ಆ ಕಾಡಿನಲ್ಲಿ ಉಳಿದಿರಬೇಕು.